ಕೊಳ್ಳುವ ಮೊದಲು ಹುಟ್ಟುವ ಸಂಕಲ್ಪ

ಆಷಾಢ ಮಾಸ ಬಂತೆಂದರೆ ನಮ್ಮಲ್ಲಿ ಎರಡು ಬಗೆಯ ಸಿದ್ಧತೆಗಳು ಏಕಕಾಲದಲ್ಲಿ ಆರಂಭವಾಗುತ್ತವೆ. ಮುನಿಗಳೂ ಆರ್ಯಿಕೆಯರೂ ಆಷಾಢ ಶುಕ್ಲ ಚತುರ್ದಶಿಯಂದು ವರ್ಷಾಯೋಗವನ್ನು ಸ್ಥಾಪಿಸಿ, ಚಾತುರ್ಮಾಸವನ್ನು ಒಂದೇ ಸ್ಥಳದಲ್ಲಿ ಕಳೆಯುವ ಸಂಕಲ್ಪ ಮಾಡುತ್ತಾರೆ. ಮಳೆಗೆ ನೆಲದ ತುಂಬ ಹುಟ್ಟುವ ಸಣ್ಣಪುಟ್ಟ ಜೀವಿಗಳು ತಮ್ಮ ಕಾಲಡಿಗೆ ಸಿಗಬಾರದೆಂಬುದೇ ಇದಕ್ಕೆ ಕಾರಣ. ಅದೇ ತಿಂಗಳಿನಲ್ಲಿ ಪೇಟೆಯ ಬಟ್ಟೆ ಅಂಗಡಿಗಳ ಮುಂದೆ ‘ಆಷಾಢ ರಿಯಾಯಿತಿ’ಯ ಫಲಕಗಳು ಏಳುತ್ತವೆ. ಮದುವೆ ಮುಂಜಿಗಳು ನಡೆಯದ ತಿಂಗಳಾದುದರಿಂದ ಕುಗ್ಗುವ ವ್ಯಾಪಾರವನ್ನು ಎತ್ತಿ ಹಿಡಿಯಲು ವರ್ತಕರು ಬೆಲೆ ಇಳಿಸುತ್ತಾರೆ. ಶ್ರಾವಣದ ಹಬ್ಬಗಳಿಗೂ ಮುಂದಿನ ಲಗ್ನಗಳಿಗೂ ಬೇಕಾದ ರೇಷ್ಮೆ ಸೀರೆಗಳನ್ನು ಜನ ಆಗಲೇ ಕೊಂಡಿಡುತ್ತಾರೆ. ಹುಳುವೊಂದು ಸಾಯಬಾರದೆಂದು ಮುನಿಗಳು ತಮ್ಮ ವಿಹಾರವನ್ನೇ ನಿಲ್ಲಿಸಿದ ಕಾಲದಲ್ಲಿ, ಹುಳುವನ್ನು ಕೊಂದು ತೆಗೆದ ನೂಲಿನ ವಸ್ತ್ರವನ್ನು ಶ್ರಾವಕರಾದ ನಾವು ಅಗ್ಗವಾಯಿತೆಂದು ಮನೆಗೆ ತರುತ್ತೇವೆ.

ಈ ಮಾತು ಕಟುವಾಗಿ ಕೇಳಿಸಬಹುದು. ಆದರೆ ಇಲ್ಲಿ ಯಾರನ್ನೂ ನಿಂದಿಸುವ ಉದ್ದೇಶವಿಲ್ಲ. ಅಹಿಂಸೆಯೇ ಪರಮಧರ್ಮವೆಂದು ಹೃತ್ಪೂರ್ವಕವಾಗಿ ನಂಬಿದ, ಸೂರ್ಯಾಸ್ತದ ಮೊದಲೇ ಊಟ ಮುಗಿಸುವ, ನೀರನ್ನು ಸೋಸಿಯೇ ಕುಡಿಯುವ, ಕಂದಮೂಲಗಳನ್ನು ಮುಟ್ಟದ ಕುಟುಂಬಗಳಲ್ಲಿಯೂ ರೇಷ್ಮೆಯು ಶುಭದ ಸಂಕೇತವಾಗಿ ನಿಂತಿದೆ. ಅಭಿಷೇಕಕ್ಕೆ ರೇಷ್ಮೆಯ ಮಡಿ, ಧಾರೆಗೆ ರೇಷ್ಮೆಯ ಸೀರೆ, ಆರಾಧನೆಗಳಿಗೆ ರೇಷ್ಮೆಯ ಶಲ್ಯ. ನಂಬಿಕೆ ಒಂದು ಕಡೆ, ಖರೀದಿ ಇನ್ನೊಂದು ಕಡೆ. ಇವೆರಡರ ನಡುವಿನ ಅಂತರ ಹೇಗೆ ಉಂಟಾಗುತ್ತದೆ, ಅದನ್ನು ತುಂಬುವ ಮಾರ್ಗ ಯಾವುದು ಎಂಬುದು ಈ ವಾರದ ಚಿಂತನೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ರೇಷ್ಮೆ ನಮಗೆ ದೂರದ ವಿಷಯವಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಈ ಉದ್ಯಮ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಬೆಳೆಯಿತು. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾದದ್ದು 1912ರಲ್ಲಿ. ನಮ್ಮ ಜಿಲ್ಲೆಯ ಕೊಳ್ಳೇಗಾಲವಂತೂ ರೇಷ್ಮೆಗೆ ಹೆಸರಾದ ಊರು. ಹಿಪ್ಪುನೇರಳೆಯ ಹೊಲಗಳನ್ನೂ ಚಂದ್ರಂಕಿಗಳನ್ನೂ ಕಾಣದೆ ಬೆಳೆದವರು ಈ ಸೀಮೆಯಲ್ಲಿ ವಿರಳ.

ಹುಳು ಮೊಟ್ಟೆಯಿಂದ ಹೊರಬಂದು ಸುಮಾರು ನಾಲ್ಕು ವಾರ ಸೊಪ್ಪು ತಿನ್ನುತ್ತದೆ; ನಾಲ್ಕು ಬಾರಿ ಪೊರೆ ಕಳಚುತ್ತದೆ; ಬಳಿಕ ಎರಡು ಮೂರು ದಿನಗಳಲ್ಲಿ ತನ್ನ ಬಾಯಿಯ ಎಳೆಯಿಂದ ತನ್ನ ಸುತ್ತಲೂ ಗೂಡು ಕಟ್ಟಿ ಒಳಗೆ ಕೋಶಾವಸ್ಥೆಗೆ ಹೋಗುತ್ತದೆ. ಹಾಗೆಯೇ ಬಿಟ್ಟರೆ ಕೆಲವೇ ದಿನಗಳಲ್ಲಿ ಪತಂಗವಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಹೊರಬಂದರೆ ಎಳೆ ತುಂಡಾಗುತ್ತದೆ. ನೂರಾರು ಮೀಟರು ಉದ್ದದ ಅಖಂಡ ಎಳೆ ಸಿಗುವುದಿಲ್ಲ. ಆದುದರಿಂದ ಪತಂಗವಾಗುವ ಮೊದಲೇ ಗೂಡಿಗೆ ಹಬೆ ಅಥವಾ ಬಿಸಿಗಾಳಿ ಕೊಟ್ಟು ಒಳಗಿನ ಜೀವವನ್ನು ಕೊಂದು, ಗೂಡುಗಳನ್ನು ಕುದಿಯುವ ನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು 5,000 ಗೂಡುಗಳು ಬೇಕಾಗುತ್ತವೆ. ಅರ್ಧ ಕಿಲೋ ತೂಗುವ ಒಂದು ಸೀರೆಯೆಂದರೆ ಹತ್ತಿರ ಹತ್ತಿರ 2,500 ಜೀವಗಳು. ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ಇವು ಏಕೇಂದ್ರಿಯ ಜೀವಗಳಲ್ಲ, ಚಲಿಸಬಲ್ಲ ತ್ರಸಜೀವಗಳು. ಅಣುವ್ರತಿಯಾದ ಗೃಹಸ್ಥ ಯಾವುದನ್ನು ಸಂಕಲ್ಪಪೂರ್ವಕವಾಗಿ ಕೊಲ್ಲಬಾರದೆಂದು ವ್ರತ ಹೇಳುತ್ತದೆಯೋ, ಆ ವರ್ಗಕ್ಕೆ ಸೇರಿದವು.

ಈ ಸಂಗತಿ ನಮಗೆ ತಿಳಿಯದೆ? ಬಹುಮಟ್ಟಿಗೆ ತಿಳಿದಿದೆ. ಅಹಿಂಸೆಯೆಂದರೇನು ಎಂದು ಪರೀಕ್ಷೆಯಲ್ಲಿ ಕೇಳಿದರೆ ಎಲ್ಲ ಮಕ್ಕಳೂ ಸರಿಯುತ್ತರ ಬರೆಯುತ್ತಾರೆ. ಆಟದ ಬಯಲಿನಲ್ಲಿ ಓತಿಕ್ಯಾತಕ್ಕೆ ಕಲ್ಲೆಸೆಯುವವರೂ ಆ ಮಕ್ಕಳೇ. ಉತ್ತರ ತಿಳಿಯದ್ದರಿಂದ ಹೀಗಾಗುವುದಿಲ್ಲವೆಂದು ಶಿಕ್ಷಕರೆಲ್ಲರೂ ಬಲ್ಲರು. ಅರಿವು ನಡತೆಯಾಗುವ ದಾರಿಯಲ್ಲಿ ಕೆಲವು ಮೆಟ್ಟಿಲುಗಳಿವೆ; ಆ ಮೆಟ್ಟಿಲುಗಳ ನಡುವೆ ಎಲ್ಲೋ ಅದು ನಿಂತುಬಿಡುತ್ತದೆ.

ಈಚಿನ ಮನೋವಿಜ್ಞಾನವೂ ಇದನ್ನೇ ಶೋಧಿಸಿದೆ. ಐಸೆಕ್ ಐಜೆನ್ ಎಂಬ ವಿದ್ವಾಂಸರು 1991ರಲ್ಲಿ ವಿಸ್ತಾರವಾಗಿ ಮಂಡಿಸಿದ ‘ಯೋಜಿತ ವರ್ತನೆಯ ಸಿದ್ಧಾಂತ’ವನ್ನು ಇಂದು ಗ್ರಾಹಕರ ನಡತೆಯನ್ನು ಅಭ್ಯಾಸ ಮಾಡುವವರೆಲ್ಲರೂ ಓದುತ್ತಾರೆ. ಅದರ ಸಾರ ಸರಳವಾದುದು. ಮನುಷ್ಯನ ಕ್ರಿಯೆಗೆ ಹತ್ತಿರದ ಕಾರಣ ಅವನ ಸಂಕಲ್ಪ. ಆ ಸಂಕಲ್ಪವನ್ನು ಮೂರು ಸಂಗತಿಗಳು ರೂಪಿಸುತ್ತವೆ: ಆ ಕ್ರಿಯೆಯ ಬಗ್ಗೆ ಅವನಿಗಿರುವ ಮನೋಭಾವ, ತನಗೆ ಬೇಕಾದವರು ತನ್ನಿಂದ ಏನನ್ನು ನಿರೀಕ್ಷಿಸುತ್ತಾರೆಂಬ ಎಣಿಕೆ, ಅದನ್ನು ಮಾಡುವುದು ಅಥವಾ ಬಿಡುವುದು ತನ್ನ ಕೈಯಲ್ಲಿದೆಯೆಂಬ ವಿಶ್ವಾಸ. ರೇಷ್ಮೆಯ ವಿಷಯಕ್ಕೆ ಇದನ್ನು ಅನ್ವಯಿಸಿ ನೋಡಿ. ಜೀವಹಿಂಸೆಯ ಬಗ್ಗೆ ನಮ್ಮ ಮನೋಭಾವ ಸ್ಪಷ್ಟವಾಗಿದೆ. ಆದರೆ ಧಾರೆಯ ಸೀರೆ ಹತ್ತಿಯದಾದರೆ ಬೀಗರು ಏನೆಂದಾರು ಎಂಬ ಎಣಿಕೆ ಅದಕ್ಕಿಂತ ಬಲವಾಗಿದೆ. ‘ಇದು ಸಂಪ್ರದಾಯ, ನಾನೊಬ್ಬ ಬಿಟ್ಟರೆ ಏನಾದೀತು’ ಎಂಬ ಅಸಹಾಯಕತೆ ಮೂರನೆಯದನ್ನು ಕೆಡವುತ್ತದೆ. ಮೂರರಲ್ಲಿ ಒಂದು ಧರ್ಮದ ಕಡೆಗೆ, ಎರಡು ಅಂಗಡಿಯ ಕಡೆಗೆ ಎಳೆದಾಗ ಕಾಲು ಎತ್ತ ಹೋಗುವುದೆಂದು ಹೇಳಬೇಕಾಗಿಲ್ಲ.

ನಮ್ಮ ಆಚಾರ್ಯರು ಈ ಮೆಟ್ಟಿಲುಗಳನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಆಧಾರವನ್ನು ವಿವರಿಸುವಾಗ ಕ್ರಿಯೆಗೆ ಮೂರು ಹಂತಗಳನ್ನು ಹೇಳುತ್ತಾರೆ. ಮಾಡಬೇಕೆಂಬ ಸಂಕಲ್ಪ ಸಂರಂಭ; ಅದಕ್ಕೆ ಬೇಕಾದ ಸಾಧನಗಳನ್ನು ಒದಗಿಸಿಕೊಳ್ಳುವುದು ಸಮಾರಂಭ; ಮಾಡತೊಡಗುವುದು ಆರಂಭ. ಈ ಮೂರೂ ಮನಸ್ಸು, ಮಾತು, ದೇಹಗಳೆಂಬ ಮೂರರಿಂದ ಆಗಬಹುದು. ಅವನ್ನು ತಾನೇ ಮಾಡಬಹುದು, ಮಾಡಿಸಬಹುದು, ಮಾಡಿದ್ದನ್ನು ಅನುಮೋದಿಸಬಹುದು. ಇವೇ ಕೃತ, ಕಾರಿತ, ಅನುಮತ. ಇವುಗಳ ಹಿಂದೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಯಾವುದಾದರೂ ಇರಬಹುದು. ಮೂರನ್ನು ಮೂರರಿಂದ, ಮತ್ತೆ ಮೂರರಿಂದ, ಬಳಿಕ ನಾಲ್ಕರಿಂದ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ 108 ಮಣಿಗಳಿಗೆ ನಮ್ಮ ಹಿರಿಯರು ಕೊಡುವ ಅರ್ಥವೂ ಇದೇ: ಕರ್ಮ ಒಳಬರುವ 108 ಬಾಗಿಲುಗಳನ್ನು ಒಂದೊಂದಾಗಿ ನೆನೆದು ಮುಚ್ಚುವುದು.

ಈ ಲೆಕ್ಕವನ್ನು ಕೈಯಲ್ಲಿ ಹಿಡಿದು ಒಂದು ಸೀರೆಯ ಖರೀದಿಯನ್ನು ಪರಿಶೀಲಿಸೋಣ. ನೆಂಟರ ಮದುವೆಯಲ್ಲಿ ಒಂದು ಸೀರೆಯನ್ನು ಕಂಡು ‘ಇಂಥದ್ದೊಂದು ನನಗೂ ಬೇಕು’ ಎನಿಸಿತು. ಅದು ಮನಸ್ಸಿನ ಸಂರಂಭ. ಮನೆಯಲ್ಲಿ ಆ ಮಾತೆತ್ತಿ, ಹಣ ಹೊಂದಿಸಿ, ರಿಯಾಯಿತಿಯ ದಿನವನ್ನು ವಿಚಾರಿಸಿದ್ದು ಸಮಾರಂಭ. ಅಂಗಡಿಯ ಮೆಟ್ಟಿಲು ಹತ್ತಿದ್ದು ಆರಂಭ. ಕರ್ಮಬಂಧ ರಸೀದಿ ಬರೆದಾಗ ತೊಡಗುವುದೆಂದು ನಾವು ಭಾವಿಸುತ್ತೇವೆ. ಆಚಾರ್ಯರ ಪ್ರಕಾರ ಅದು ಮೊದಲ ‘ಬೇಕು’ವಿನಲ್ಲಿಯೇ ತೊಡಗಿದೆ. ಹಿಂದೆ ಇದ್ದ ಕಷಾಯ ಯಾವುದು? ಕ್ರೋಧವಂತೂ ಇಲ್ಲಿಲ್ಲ. ಲೋಭವಿದೆ, ಅದಕ್ಕಿಂತ ಹೆಚ್ಚಾಗಿ ಮಾನವಿದೆ. ‘ಪೂಜೆಗಾಗಿ ತಾನೇ ಕೊಳ್ಳುತ್ತಿರುವುದು’ ಎಂದು ನಮಗೆ ನಾವೇ ಹೇಳಿಕೊಂಡರೆ ಅಲ್ಲಿ ಮಾಯೆಯೂ ಸೇರಿದೆ.

‘ನಾನು ಕೊಲ್ಲಲಿಲ್ಲ, ಸಿದ್ಧವಾಗಿದ್ದ ವಸ್ತ್ರವನ್ನು ಕೊಂಡೆನಷ್ಟೆ’ ಎಂಬ ಸಮಾಧಾನವನ್ನು ನಾವು ಆಗಾಗ್ಗೆ ಕೇಳುತ್ತೇವೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೊಳ್ಳುವವರ ಮನಸ್ಸಿನಲ್ಲಿ ಹುಳುವನ್ನು ಕೊಲ್ಲುವ ಇಚ್ಛೆ ಇರುವುದಿಲ್ಲ. ವಸ್ತ್ರದ ಇಚ್ಛೆ ಮಾತ್ರ ಇರುತ್ತದೆ. ಗೃಹಸ್ಥನಿಗೆ ಅಡುಗೆ, ಬೇಸಾಯ, ವೃತ್ತಿಗಳಲ್ಲಿ ಆಗುವ ಆರಂಭೀ ಹಾಗೂ ಉದ್ಯೋಗೀ ಹಿಂಸೆಗಳನ್ನು ಪೂರ್ಣವಾಗಿ ಬಿಡಲಾಗದೆಂದು ಶಾಸ್ತ್ರವೇ ಒಪ್ಪುತ್ತದೆ. ಆಚಾರ್ಯ ಪೂಜ್ಯಪಾದರನ್ನು ಪರಂಪರೆಯು ನಮ್ಮ ಮಲೆಯೂರಿನ ಕನಕಗಿರಿಯೊಡನೆ ಸೇರಿಸಿ ಸ್ಮರಿಸುತ್ತದೆ. ಅವರು ಸರ್ವಾರ್ಥಸಿದ್ಧಿಯಲ್ಲಿ ‘ಕುಪ್ಯ’ವೆಂಬ ಪರಿಗ್ರಹವನ್ನು ವಿವರಿಸುವಾಗ ನಾರುಬಟ್ಟೆ, ಹತ್ತಿ, ಗಂಧಗಳ ಜೊತೆಗೆ ರೇಷ್ಮೆಯನ್ನೂ ಹೆಸರಿಸುತ್ತಾರೆ. ಅಂದಿನ ಗೃಹಸ್ಥರ ಮನೆಗಳಲ್ಲಿಯೂ ರೇಷ್ಮೆ ಇತ್ತೆಂಬುದು ಇದರಿಂದ ವಿದಿತವಾಗುತ್ತದೆ. ಆದರೆ ಅವರು ಅದನ್ನು ಎಣಿಸಿದ್ದು ಅಳತೆಯಿಡಬೇಕಾದ ವಸ್ತುಗಳ ಪಟ್ಟಿಯಲ್ಲಿ ಎಂಬುದನ್ನು ಮರೆಯಬಾರದು.

ಇನ್ನು ಕಾರಿತ, ಅನುಮತಗಳ ಮಾತು. ಬೇಡಿಕೆಯಿಲ್ಲದೆ ಮಾರುಕಟ್ಟೆಯಲ್ಲಿ ಯಾವ ಪದಾರ್ಥವೂ ತಯಾರಾಗುವುದಿಲ್ಲ. ಇಂದು ಮಾರಾಟವಾದ ಒಂದು ಸೀರೆ ನಾಳೆ ಇನ್ನೊಂದನ್ನು ನೇಯಿರಿ ಎಂಬ ಸಂದೇಶವನ್ನು ಮಗ್ಗಕ್ಕೂ, ಅಲ್ಲಿಂದ ಗೂಡಿನ ಮಾರುಕಟ್ಟೆಗೂ ತಲುಪಿಸುತ್ತದೆ. ತಿಳಿಯದೆ ಕೊಂಡವನ ಭಾವ ಬೇರೆ; ತಿಳಿದ ಮೇಲೂ ಮೆಚ್ಚಿ ಕೊಂಡವನ ಭಾವ ಬೇರೆ. ಎರಡನೆಯದು ಅನುಮೋದನೆಯ ಗಡಿಯೊಳಗೆ ಬರುತ್ತದೆಂದೇ ನನ್ನ ತಿಳಿವಳಿಕೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತವನ್ನು ನಿರೂಪಿಸುವಾಗ ಕೃತ, ಕಾರಿತ, ಅನುಮೋದನೆ ಮೂರನ್ನೂ ಸೇರಿಸಿಯೇ ಹೇಳಿರುವುದನ್ನು ಶ್ರಾವಕರು ಗಮನಿಸಬೇಕು.

ಹಾಗಾದರೆ ಪರಿಹಾರವಾಗಿ ‘ಅಹಿಂಸಾ ರೇಷ್ಮೆ’ ಇದೆಯಲ್ಲವೆ ಎಂದು ಕೆಲವರು ಕೇಳುವರು. ಪತಂಗ ಹೊರಹೋದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆಯುವ ಕ್ರಮವನ್ನು ಹೈದರಾಬಾದಿನ ಕುಸುಮ ರಾಜಯ್ಯನವರು ಬೆಳಕಿಗೆ ತಂದರು. ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಪತ್ನಿ ಜಾನಕಿಯವರು ಹುಳುವನ್ನು ಕೊಲ್ಲದ ರೇಷ್ಮೆ ಸಿಗುವುದೇ ಎಂದು ಕೇಳಿದ ಪ್ರಶ್ನೆ ಇದಕ್ಕೆ ಪ್ರೇರಣೆಯೆಂದು ಹೇಳಲಾಗಿದೆ. ಒಬ್ಬ ಗ್ರಾಹಕಿಯ ಮನೋಭಾವ ಒಂದು ಹೊಸ ವಸ್ತ್ರವನ್ನೇ ಹುಟ್ಟಿಸಿತೆಂಬುದು ಸ್ಮರಣೀಯ. ತುಂಡಾದ ಎಳೆಗಳನ್ನು ಹತ್ತಿಯಂತೆ ನೂಲಬೇಕಾದುದರಿಂದ ಅದರ ಹೊಳಪು ಕಡಿಮೆ, ಬೆಲೆ ಹೆಚ್ಚು. ಆದರೂ ಅದು ಪೂರ್ಣ ಸಮಾಧಾನ ಕೊಡದು. ಸಾವಿರಾರು ವರ್ಷಗಳ ಸಾಕಣೆಯಿಂದ ಆ ಪತಂಗ ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ. ಹೊರಬಂದ ಕೆಲವು ದಿನಗಳಲ್ಲಿ ನೂರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಆ ಮೊಟ್ಟೆಗಳಿಂದ ಬರುವ ಮರಿಗಳಿಗೆಲ್ಲ ಸೊಪ್ಪು ಎಲ್ಲಿಂದ ಬರಬೇಕು? ಹಿಂಸೆ ಕಡಿಮೆಯಾಗಬಹುದು, ಇಲ್ಲವಾಗುವುದಿಲ್ಲ. ರೇಷ್ಮೆಯೇ ಬೇಕೆಂಬ ಹಂಬಲವನ್ನು ಹಾಗೆಯೇ ಉಳಿಸಿಕೊಂಡು ಅದರ ಹೆಸರನ್ನು ಮಾತ್ರ ಬದಲಿಸುವ ಯತ್ನ ನಮ್ಮಲ್ಲಿ ಇದೆಯೇ ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕು.

ಹಂಬಲದ ಮೂಲಕ್ಕೆ ಹೋಗದೆ ಖರೀದಿಯನ್ನು ತಿದ್ದಲಾಗದು. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ನಿರ್ಣಯಿಸಲಿಲ್ಲ. ವಸ್ತುವಿನ ಮೇಲಿನ ಮೂರ್ಛೆಯನ್ನೇ, ಎಂದರೆ ‘ಇದು ನನ್ನದು, ನನಗಿರಲಿ’ ಎಂಬ ಮೋಹವನ್ನೇ ಪರಿಗ್ರಹವೆಂದು ಕರೆದರು. ಸಮಂತಭದ್ರರು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ‘ಅತಿವಿಸ್ಮಯ’ವನ್ನು ಸೇರಿಸಿದ್ದಾರೆ. ಪರರ ಸಂಪತ್ತನ್ನು ಕಂಡು ಅತಿಯಾಗಿ ಬೆರಗಾಗುವುದೂ ವ್ರತಕ್ಕೆ ಕಳಂಕ. ಕೈಯಲ್ಲಿನ ಮೊಬೈಲಿನಲ್ಲಿ ಇತರರ ಒಡವೆ, ಸೀರೆ, ಮನೆ, ವಾಹನಗಳ ಚಿತ್ರಗಳನ್ನು ಗಂಟೆಗಟ್ಟಲೆ ನೋಡುವ ಈ ಕಾಲಕ್ಕೆ ಇದಕ್ಕಿಂತ ಹೊಂದುವ ಎಚ್ಚರಿಕೆ ಇನ್ನಾವುದು?

ಭೋಗೋಪಭೋಗ ಪರಿಮಾಣ ವ್ರತದ ಅತಿಚಾರಗಳು ಇನ್ನೂ ಸೂಕ್ಷ್ಮವಾಗಿವೆ. ಅನ್ನದಂತೆ ಒಮ್ಮೆ ಅನುಭವಿಸಿ ಮುಗಿಸುವುದು ಭೋಗ. ವಸ್ತ್ರದಂತೆ ಮತ್ತೆ ಮತ್ತೆ ಬಳಸುವುದು ಉಪಭೋಗ. ಇವುಗಳಿಗೆ ಮಿತಿಯಿಟ್ಟ ಶ್ರಾವಕನೂ ಐದು ರೀತಿಗಳಲ್ಲಿ ಜಾರಬಹುದೆಂದು ಸಮಂತಭದ್ರರು ಎಣಿಸುತ್ತಾರೆ: ವಿಷಯಗಳೆಂಬ ವಿಷದ ಬಗ್ಗೆ ಉಪೇಕ್ಷೆ ತಾಳದಿರುವುದು, ಅನುಭವಿಸಿದ ಸುಖವನ್ನು ಪದೇ ಪದೇ ಸ್ಮರಿಸುವುದು, ಕೈಗೆ ಬಂದುದರಲ್ಲಿ ಅತಿಯಾದ ಆಸಕ್ತಿ, ಮುಂದೆ ಬರಬೇಕಾದುದಕ್ಕೆ ಅತಿಯಾದ ತೃಷ್ಣೆ, ಮಿತಿಮೀರಿದ ಅನುಭವ. ಐದರಲ್ಲಿ ಕೊನೆಯದನ್ನು ಬಿಟ್ಟರೆ ಉಳಿದವು ಮನಸ್ಸಿನೊಳಗೇ ನಡೆಯುವಂಥವು. ಇಂದಿನ ಜಾಹೀರಾತು ಕೆಲಸ ಮಾಡುವುದು ಸರಿಯಾಗಿ ಇವೇ ಸ್ಥಳಗಳಲ್ಲಿ. ಅದು ಹಳೆಯ ಸುಖವನ್ನು ನೆನಪಿಸುತ್ತದೆ, ಮುಂದಿನದಕ್ಕೆ ತೃಷ್ಣೆ ಹುಟ್ಟಿಸುತ್ತದೆ, ವಸ್ತುವಿನ ಹಿಂದಿನ ನೋವನ್ನು ಮರೆಸುತ್ತದೆ. ವರ್ತಕರು ನಮ್ಮ ಸಂರಂಭವನ್ನು ಇಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಿರುವಾಗ, ಅದರ ಒಡೆಯರಾದ ನಾವು ಅದನ್ನು ಗಮನಿಸದಿರುವುದು ಯುಕ್ತವಲ್ಲ.

ಈ ದೌರ್ಬಲ್ಯಕ್ಕೆ ಆಚಾರ್ಯರು ಕೊಟ್ಟ ಔಷಧ ವ್ರತ. ವ್ರತವೆಂದರೆ ಆಮರಣಾಂತ ಕಠಿಣ ತ್ಯಾಗವೆಂದು ಹೆದರುವವರಿದ್ದಾರೆ. ಹಾಗಲ್ಲ. ಜೀವನಪರ್ಯಂತದ ತ್ಯಾಗ ‘ಯಮ’. ಕಾಲಮಿತಿಯುಳ್ಳ ತ್ಯಾಗ ‘ನಿಯಮ’. ಇಂದು, ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಶಕ್ತ್ಯನುಸಾರ ನಿಯಮ ತೆಗೆದುಕೊಳ್ಳಲು ಸಮಂತಭದ್ರರು ಅವಕಾಶವಿತ್ತಿದ್ದಾರೆ. ಇದರ ಹಿಂದಿನ ಮನೋವಿಜ್ಞಾನ ಎಷ್ಟು ಸೊಗಸಾಗಿದೆ ನೋಡಿ! ಅಂಗಡಿಯಲ್ಲಿ ಸೀರೆ ಬಿಡಿಸಿ ಹರಡಿದ ಮೇಲೆ ನಿರ್ಧರಿಸಲು ಹೊರಟವನು ಸೋಲುತ್ತಾನೆ. ಮೊದಲೇ ಗುರುಸಾಕ್ಷಿಯಾಗಿ ನಿರ್ಧರಿಸಿದವನಿಗೆ ಆ ಹೊತ್ತಿನಲ್ಲಿ ತೀರ್ಮಾನಿಸುವ ಭಾರವೇ ಇರುವುದಿಲ್ಲ. ‘ಬೀಗರೇನೆಂದಾರು’ ಎಂಬುದಕ್ಕೆ ‘ನನಗೆ ನಿಯಮವಿದೆ’ ಎಂಬ ಉತ್ತರವಿರುತ್ತದೆ; ನಮ್ಮ ಸಮಾಜದಲ್ಲಿ ಆ ಮಾತನ್ನು ಯಾರೂ ಅಗೌರವಿಸುವುದಿಲ್ಲ. ‘ನನ್ನಿಂದಾಗದು’ ಎಂಬ ಅಸಹಾಯಕತೆಯೂ ಒಂದು ಪಕ್ಷ, ಒಂದು ಮಾಸ ನಡೆಸಿದ ಮೇಲೆ ತಾನಾಗಿ ಕರಗುತ್ತದೆ. ಐಜೆನ್ ಹೇಳಿದ ಮೂರು ಸಂಗತಿಗಳನ್ನೂ ಒಂದು ಸಣ್ಣ ನಿಯಮ ಧರ್ಮದ ಕಡೆಗೆ ತಿರುಗಿಸುತ್ತದೆ.

ಮಡಿಯ ಪ್ರಶ್ನೆ ಉಳಿಯಿತು. ರೇಷ್ಮೆಗೆ ಮೈಲಿಗೆಯಿಲ್ಲವೆಂಬ ಭಾವನೆ ಲೋಕದಲ್ಲಿ ಬಹಳ ಹಳೆಯದು. ಆದರೆ ಜಿನಪೂಜೆಯಲ್ಲಿ ದ್ರವ್ಯಶುದ್ಧಿಯಂತೆ ಭಾವಶುದ್ಧಿಯೂ ಬೇಕು. ಸಾವಿರಾರು ಜೀವಗಳ ಸಾವಿನಿಂದ ಬಂದ ವಸ್ತ್ರಕ್ಕಿಂತ ಒಗೆದು ಒಣಗಿಸಿದ ಹತ್ತಿಯ ಧೋತ್ರ ವೀತರಾಗನ ಸನ್ನಿಧಿಗೆ ಹೆಚ್ಚು ಒಪ್ಪುತ್ತದೆಂದು ಹೇಳಲು ಶಾಸ್ತ್ರಜ್ಞಾನ ಹೆಚ್ಚೇನೂ ಬೇಡ. ನಂಜನಗೂಡು ತಾಲ್ಲೂಕಿನ ಬದನವಾಳು ಗಾಂಧೀಜಿಯವರು ಭೇಟಿಯಿತ್ತ ಖಾದಿ ಕೇಂದ್ರ. ಅಲ್ಲಿಯೇ 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಸರಳ, ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಯಿತು. ಕೈಯಿಂದ ನೂತು ನೇಯ್ದ ವಸ್ತ್ರವನ್ನು ಕೊಳ್ಳುವುದು ಒಂದು ಜೀವನಕ್ರಮವನ್ನೇ ಆರಿಸಿಕೊಂಡಂತೆ ಎಂಬ ವಿಚಾರ ನಮ್ಮ ನೆರೆಯಲ್ಲಿಯೇ ಮೊಳಗಿದೆ. ಅದಕ್ಕೆ ಕಿವಿಗೊಡಲು ನಾವು ದೂರ ಹೋಗಬೇಕಾಗಿಲ್ಲ.

ಪೆಟ್ಟಿಗೆಯಲ್ಲಿ ಈಗಾಗಲೇ ಇರುವ ರೇಷ್ಮೆಯನ್ನು ಏನು ಮಾಡುವುದು? ತಾಯಂದಿರ, ಅಜ್ಜಿಯರ ಸೀರೆಗಳನ್ನು ಕೆಲವರು ನೆನಪಿಗಾಗಿ ಉಳಿಸಿಕೊಳ್ಳುವರು, ಕೆಲವರು ದಾನ ಮಾಡುವರು. ಅವರವರ ಮನೆಯ ನಿರ್ಣಯಕ್ಕೆ ಅದನ್ನು ಬಿಡೋಣ. ಆಗಿಹೋದುದಕ್ಕೆ ಪ್ರತಿಕ್ರಮಣವಿದೆ. ನಮ್ಮ ಕೈಯಲ್ಲಿರುವುದು ಮುಂದಿನ ಖರೀದಿ.

ಇನ್ನು ರೇಷ್ಮೆ ಬೆಳೆಯುವ ರೈತರ ಮಾತು. ಉಡಿಗಾಲದಂತಹ ಹಳ್ಳಿಗಳಲ್ಲಿ ವಾಸಿಸುವ ನಾವು ಅವರ ಕಷ್ಟವನ್ನು ಬಲ್ಲೆವು. ಮಳೆ ಕೈಕೊಟ್ಟಾಗ ಹಿಪ್ಪುನೇರಳೆಯ ತುಂಡು ಹೊಲವೇ ಮನೆಯ ಸಾಲ ತೀರಿಸಿದ ಉದಾಹರಣೆಗಳು ಎಲ್ಲ ಊರುಗಳಲ್ಲಿಯೂ ಇವೆ. ಅವರ ವೃತ್ತಿಯನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ. ಕೊಳ್ಳುವವರಿಗಂತೂ ಇಲ್ಲವೇ ಇಲ್ಲ. ಬೇಡಿಕೆ ಮೆಲ್ಲಗೆ ಬದಲಾದಂತೆ ಬೆಳೆಯೂ ಬದಲಾಗಲು ಅವರಿಗೆ ನೆರವು ಬೇಕು. ಇಲ್ಲಿ ನಮಗೆ ಒಂದು ಹಳೆಯ ಮೇಲ್ಪಂಕ್ತಿಯಿದೆ. ಅರಿಕುಠಾರವೆಂದು ಕರೆಯಲ್ಪಡುತ್ತಿದ್ದ ಇಂದಿನ ಚಾಮರಾಜನಗರದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಬಸದಿಯನ್ನು ಕಟ್ಟಿಸಿದನು. 1117ರ ಅಲ್ಲಿನ ಶಾಸನ ಅವನನ್ನು ಕೊಂಡಾಡುವಾಗ, ಕಾಲದೋಷದಿಂದ ಕೆಟ್ಟ ವರ್ತಕರಿಗೂ ಬಿತ್ತಲು ಬೀಜವಿಲ್ಲದ ಒಕ್ಕಲಿಗರಿಗೂ ಅವರು ಕಳೆದುಕೊಂಡುದನ್ನೆಲ್ಲ ಕೊಟ್ಟು ಪೊರೆದನೆಂದು ತಿಳಿಸುತ್ತದೆ. ಬಸದಿಗೆ ಕೊಟ್ಟಷ್ಟೇ ಶ್ರದ್ಧೆಯಿಂದ ಹೊಲಕ್ಕೂ ಅಂಗಡಿಗೂ ಕೊಟ್ಟ ಆ ಶ್ರಾವಕನನ್ನು ನಾವು ಮರೆಯಬಾರದು. ಸೀರೆಯಲ್ಲಿ ಉಳಿಸಿದ ಹಣ ಇನ್ನೊಂದು ಒಡವೆಯಾದರೆ ಮೂರ್ಛೆ ಸ್ಥಳ ಬದಲಿಸಿತಷ್ಟೆ. ಅದರಲ್ಲಿ ಒಂದು ಪಾಲು ನೆರೆಯ ರೈತನ ಮಗುವಿನ ಶಾಲೆಯ ಶುಲ್ಕವಾದರೆ, ಬಿತ್ತನೆಯ ಬೀಜವಾದರೆ ಪರಿಗ್ರಹ ಪರಿಮಾಣ ಸಾರ್ಥಕವಾಗುತ್ತದೆ.

ಶ್ರಾವಕ ಬಂಧುಗಳಲ್ಲಿ ಮೂರು ವಿನಂತಿಗಳು. ಈ ಚಾತುರ್ಮಾಸದ ಅವಧಿಗೆ ಹೊಸ ರೇಷ್ಮೆಯನ್ನು ಕೊಳ್ಳುವುದಿಲ್ಲವೆಂಬ ನಿಯಮವನ್ನು ಮನೆಮಂದಿಯೆಲ್ಲ ಕುಳಿತು ಚರ್ಚಿಸಿ, ಒಪ್ಪಿದವರು ತೆಗೆದುಕೊಳ್ಳಲಿ. ಒಪ್ಪದವರನ್ನು ನೋಯಿಸುವುದು ಬೇಡ. ಬೇರಾವ ವಸ್ತುವೇ ಆಗಲಿ, ಅನ್ನ ಔಷಧಗಳನ್ನು ಬಿಟ್ಟು, ‘ಬೇಕು’ ಎನಿಸಿದ ದಿನಾಂಕವನ್ನು ಬರೆದಿಟ್ಟು ಒಂದು ಪಕ್ಷ ಕಾಯೋಣ. ಹದಿನೈದು ದಿನಗಳಾದ ಮೇಲೂ ಅದರ ಅಗತ್ಯ ಕಂಡರೆ ಕೊಳ್ಳೋಣ. ಮದುವೆ ನಿಶ್ಚಯವಾದ ಮನೆಗಳಲ್ಲಿ ಎರಡೂ ಕಡೆಯ ಹಿರಿಯರು ವಸ್ತ್ರದ ಮಾತನ್ನು ಮೊದಲೇ ಆಡಿಕೊಳ್ಳಲಿ. ಒಬ್ಬರು ಇನ್ನೊಬ್ಬರ ಬಾಯಿಗೆ ಹೆದರಿ ಕೊಳ್ಳುವ ಸೀರೆ ಇಬ್ಬರಿಗೂ ಬೇಡವಾಗಿದ್ದಿರಲೂಬಹುದು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬರುತ್ತದೆ. ಉತ್ತಮ ಶೌಚದ ದಿನ ಲೋಭವೆಂಬ ಕೊಳೆಯನ್ನು ತೊಳೆಯಲು, ಉತ್ತಮ ಆಕಿಂಚನ್ಯದ ದಿನ ‘ನನ್ನದು’ ಎಂಬುದನ್ನು ಸಡಿಲಿಸಲು ನಮಗೆ ಉಪದೇಶ ದೊರೆಯುತ್ತದೆ. ಆ ಹತ್ತು ದಿನಗಳು ಬರುವ ವೇಳೆಗೆ ನಮ್ಮ ಸಣ್ಣ ನಿಯಮ ಒಂದೆರಡು ತಿಂಗಳು ದಾಟಿರುತ್ತದೆ. ಅಂದು ಹತ್ತಿಯ ಮಡಿಯುಟ್ಟು ಜಿನಬಿಂಬದ ಮುಂದೆ ನಿಂತು, ಜಪಮಾಲೆಯ 108 ಮಣಿಗಳಲ್ಲಿ ಎಷ್ಟು ಬಾಗಿಲುಗಳನ್ನು ಮುಚ್ಚಿದೆವೆಂದು ಶಾಂತವಾಗಿ ಎಣಿಸಿಕೊಳ್ಳೋಣ.